ಅಪ್ಪನ ಡಬ್ಬಿ

ಕಪಾಟಿನ ಕೀಲಿಕೈ ಎಲ್ಲೂ ಸಿಗದೆ ಸಂಗನಬಸವ ತಕ್ಕಡಿಯ ಕಲ್ಲು ತೆಗೆದುಕೊಂಡು ಕೊಂಡಿಗೆ ಹೊಡೆದ. ಕೊಂಡಿ ಬಗ್ಗಿತು, ಬಿಡಲಿಲ್ಲ. ಇನ್ನೊಂದು ಏಟಿಗೆ ಮೊಳೆಸಮೇತ ಕಿತ್ತು ಬಂತು. ಅವನಿಗೆ ಬೇಕಾಗಿದ್ದುದು ಒಂದು ಉಂಡೆ ಹುರಿ, ಅಷ್ಟೇ. ಹೊರಗೆ ಹನುಮಂತು ಬಿದಿರು ಸೀಳಿಟ್ಟುಕೊಂಡು ವಿಮಾನ ಕಟ್ಟುತ್ತಿದ್ದ. ಹುರಿ ಮುಗಿದು ಕೈಕಟ್ಟಿ ಕೂತಿದ್ದ. ಸತ್ತವರನ್ನು ಮಲಗಿಸುವ ಪದ್ಧತಿ ಇವರಲ್ಲಿಲ್ಲ. ಕಾಲು ಮಡಿಸಿ ಕೂಡಿಸಿ, ಹೂವಿನಿಂದ ಸಿಂಗರಿಸಿದ ಬಿದಿರಿನ ಮಂಟಪದಲ್ಲಿ ಹೊತ್ತು ಒಯ್ಯುತ್ತಾರೆ. ಆ ಮಂಟಪಕ್ಕೆ ವಿಮಾನವೆಂದೇ ಹೆಸರು.

ಮಸ್ಕಿ ಬಜಾರಿನ ಕಿರಾಣಿ ಅಂಗಡಿಯ ಅಮರಗುಂಡಪ್ಪ ಬೆಳಗಿನ ಚಹಾ ಕುಡಿಯುತ್ತ ಕೂತಲ್ಲೇ ಹೋಗಿಬಿಟ್ಟಿದ್ದ. ಈಗ ಪಡಸಾಲೆಯಲ್ಲಿ ಗೋಡೆಗೆ ಆತುಕೊಂಡು, ಹಣೆ ತುಂಬ ವಿಭೂತಿ ಬಳಿಸಿಕೊಂಡು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದ ಹಾಗೇ ಕೂತಿದ್ದ. ಮಗ್ಗುಲಲ್ಲಿ ಹೆಂಡತಿ ಶಿವಬಸಮ್ಮ ಬೀಸಣಿಗೆಯಿಂದ ನೊಣ ಹೊಡೆಯುತ್ತಿದ್ದಳು.

ಕಪಾಟಿನಲ್ಲಿ ಹುರಿ ಇತ್ತು. ಹುರಿಯ ಹಿಂದೆ ಗೋಣಿಚೀಲ ಹೊದಿಸಿದ ಅಗಲವಾದ ಹಲಗೆಯೂ ಇತ್ತು. ಸಂಗನಬಸವ ಚೀಲ ಸರಿಸಿದ. ಹಲಗೆಯ ಮೇಲೊಂದು ರೈಲು ನಿಂತಿತ್ತು.

ಅದು ಅಂಗಡಿಯಲ್ಲಿ ಸಿಗುವ, ಬ್ಯಾಟರಿಯಿಂದ ಓಡುವ ಮಕ್ಕಳ ರೈಲೇ. ಆದರೆ ಅಪ್ಪನ ಕೈಗೆ ಸಿಕ್ಕು ಪೂರಾ ಕಿರಾಣಿ ರೈಲಾಗಿಬಿಟ್ಟಿತ್ತು. ಹಳಿಯ ಎರಡೂ ಬದಿಗೆ ಜಲ್ಲಿಯ ಬದಲು ಸಾಸಿವೆ ಅಂಟಿಸಿದ್ದ. ತುರ್ವಿಹಾಳದ ಗದ್ದೆಗೆ ಹೆಸರುಕಾಳು, ಗುರುಗುಂಟಾದ ಕುರಿಗಳಿಗೆ ಹೂಬತ್ತಿಯ ಅರಳೆ. ಬಿಸ್ಕತ್ತಿನ ರಟ್ಟು ಕತ್ತರಿಸಿ ಸ್ಟೇಷನ್ನುಗಳನ್ನು ಮಾಡಿ, ಬೆಲ್ಲದ ದರ ಬರೆಯುತ್ತಿದ್ದ ಅದೇ ಓರೆ ಅಕ್ಷರದಲ್ಲಿ ಊರಿನ ಹೆಸರು ಬರೆದಿದ್ದ: ಸಿಂಧನೂರು, ಬಳಗಾನೂರು, ಮಸ್ಕಿ, ಲಿಂಗಸುಗೂರು. ಮಸ್ಕಿಗೆ ರೈಲಿಲ್ಲ ಎಂಬುದು ಅಮರಗುಂಡಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಮಸ್ಕಿಯ ಸ್ಟೇಷನ್ನಿಗೆ ಈ ಮನೆಯದೇ ನೀಲಿ ಬಾಗಿಲು ಇಟ್ಟಿದ್ದ. ಬಳಗಾನೂರಿನ ಹತ್ತಿರ ಹಳಿಯನ್ನು ಕಿತ್ತು, ತಿರುವನ್ನು ಅಗಲ ಮಾಡಿ ಮತ್ತೆ ಕೂಡಿಸಿದ್ದ. ಹಳೆಯ ಅಂಟಿನ ಗುರುತು ಹಾಗೇ ಉಳಿದಿತ್ತು. ಇಂಜಿನ್ನಿನ ಹಿಂದೆ ಎರಡು ಡಬ್ಬಿ. ಎರಡನೆಯದರ ಬೆನ್ನಿಗೆ ಹೇರ್‌ಪಿನ್ನು ಬಗ್ಗಿಸಿ ಮಾಡಿದ ಕೊಕ್ಕೆಯಿತ್ತು. ಕೊಕ್ಕೆಗೆ ಏನೂ ಸಿಕ್ಕಿಸಿರಲಿಲ್ಲ.

ಸಂಗನಬಸವನ ಹೆಣ್ಣುಮಕ್ಕಳಿಬ್ಬರೂ ಕಾಲೇಜಿಗೆ ಹೋಗುವವರು. ಈ ಮನೆಯಲ್ಲಿ ರೈಲಾಡುವವರು ಯಾರು?

"ಹುರಿ ಸಿಕ್ತೇನಲೇ?" ಎನ್ನುತ್ತ ಬಾಗಿಲಲ್ಲಿ ಸಿದ್ದಲಿಂಗೇಶ ನಿಂತ. ಅಮರಗುಂಡಪ್ಪನ ತಮ್ಮ ಆತ. ಬೆಳಗಿನಿಂದ ಎಲ್ಲಕ್ಕೂ ಅವನದೇ ಹುಕುಂ. "ಕೇಳಿಲ್ಲಿ. ನಿನ್ನ ತಂಗಿ ಸಿಂಧನೂರು ಬಿಟ್ಟಾಳಂತ. ಗಂಡನ್ನೂ ಕರಕೊಂಡ ಬರಾಕತ್ತಾಳ. ನಿಮ್ಮಪ್ಪ ಆಡಿದ ಮಾತು ನೆನಪೈತೆಲ್ಲ?"

"ಐತಿ ಕಾಕಾ."

"ಹೆಣದ ಮುಂದ ಆ ಮಾತು ಮುರೀಬ್ಯಾಡ ಮತ್ತ."

ಸಂಗನಬಸವ ಗೋಣಿಚೀಲವನ್ನು ಮತ್ತೆ ರೈಲಿನ ಮೇಲೆ ಎಳೆದ.

*

ಐದು ವರ್ಷದ ಹಿಂದೆ, ಸಿಂಧನೂರಿನಲ್ಲಿ ನರ್ಸ್ ಆಗಿದ್ದ ಶೈಲಜಾ ಬ್ಯಾಂಕಿನ ಗುಮಾಸ್ತ ಮಲ್ಲೇಶನನ್ನು ಮದುವೆಯಾದಳು. ಹುಡುಗ ಒಳ್ಳೆಯವ, ನೌಕರಿಯೂ ಒಳ್ಳೆಯದು. ಕೇರಿ ಮಾತ್ರ ಬೇರೆ. ಅಷ್ಟು ಸಾಕಾಯಿತು. ಅಮರಗುಂಡಪ್ಪ ಬಂಧುಗಳನ್ನೆಲ್ಲ ಇದೇ ಪಡಸಾಲೆಯಲ್ಲಿ ಕೂಡಿಸಿ, "ಇವತ್ತಿಂದ ಆಕಿ ನಮ್ಮ ಪಾಲಿಗಿಲ್ಲ. ಈ ಮನ್ಯಾಗ ಯಾರೂ ಆಕಿ ಮಖ ನೋಡಬಾರ್ದು," ಎಂದುಬಿಟ್ಟ.

ತಂಗಿಯನ್ನು ಸೈಕಲ್ಲಿನ ಮುಂದಿನ ದಂಡಿಗೆ ಕೂಡಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವನು ಸಂಗನಬಸವ. ಅಪ್ಪನ ಮಾತು ಅವನಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಆದರೂ ನುಂಗಿದ. ಮರುವರ್ಷ ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ಅವಳು ಎದುರಾದಳು, ತುಂಬು ಬಸುರಿ. "ಅಣ್ಣಾ" ಎಂದಳು. ಸಂಗನಬಸವ ಎದುರಿಗೆ ನಿಂತಿದ್ದ ಬಸ್ಸಿನ ಬೋರ್ಡನ್ನೇ ನೋಡಿದ. ಅವಳು ಮತ್ತೊಮ್ಮೆ ಕೂಗಿದಾಗ ಆ ಬಸ್ಸು ಹತ್ತಿ ಕೂತುಬಿಟ್ಟ. ಬಸ್ಸು ಗುರುಗುಂಟಾಕ್ಕೆ ಹೋಯಿತು. ಗುರುಗುಂಟಾದಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಇಳಿದು, ಒಂದು ಚಹಾ ಕುಡಿದು, ಗೋಡೆಯ ಮರೆಗೆ ಹೋಗಿ ಅತ್ತು ಬಂದ. ಅಂದಿನಿಂದ ಅಪ್ಪನ ಮಾತಿಗೆ ಅಪ್ಪನಿಗಿಂತ ಹೆಚ್ಚು ಗಟ್ಟಿಯಾಗಿ ಅಂಟಿಕೊಂಡ. ಇಷ್ಟು ತೆತ್ತಮೇಲೆ ಬಿಡುವುದಾದರೂ ಹೇಗೆ?

*

ಹೊತ್ತು ಇಳಿಯುವಾಗ ಸ್ಕೂಟರು ಬಂತು. ಮಲ್ಲೇಶ ಅದನ್ನು ಗಟಾರದ ಆಚೆಗೇ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ಅಲ್ಲೇ ನಿಂತ. ಶೈಲಜಾ ಮಗಳು ಅಂಬಿಕಾಳನ್ನು ಕರೆದುಕೊಂಡು ಗಟಾರದ ಮೇಲಿನ ಕಲ್ಲುಚಪ್ಪಡಿ ದಾಟಿ ಬಾಗಿಲಿಗೆ ಬಂದಳು. ಪಡಸಾಲೆಯಲ್ಲಿ ನಡೆದಿದ್ದ ಭಜನೆ ನಿಂತಿತು. ಸಿದ್ದಲಿಂಗೇಶ ಹೊಸ್ತಿಲಿಗೆ ಅಡ್ಡ ನಿಂತ.

"ಮಖ ನೋಡೂದಿದ್ರ ನೀ ಒಬ್ಬಾಕಿ ಬಾ. ಉಳಿದವರು ಅಲ್ಲೇ ಇರ್ಲಿ."

"ಬಂದ್ರ ಮೂರೂ ಮಂದಿ ಬರ್ತೀವಿ ಕಾಕಾ. ಇಲ್ಲಾಂದ್ರ ಇಲ್ಲಿಂದನ ಕೈಮುಗಿದು ಹೋಗ್ತೀನಿ." ಶೈಲಜಾ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹಂಗಾದ್ರ ಮುಗಿ. ಯಾರು ಬ್ಯಾಡಂದ್ರು?"

ಅವಳು ಸಿದ್ದಲಿಂಗೇಶನ ಭುಜದ ಮೇಲಿಂದ ಅಣ್ಣನನ್ನು ನೋಡಿದಳು. ಸಂಗನಬಸವ ತನ್ನ ಕೈಯಲ್ಲಿದ್ದ ಹುರಿಯ ತುಂಡನ್ನು ನೋಡುತ್ತಿದ್ದ. ಅವನೊಂದು ಮಾತಾಡಿದರೆ ಆಗುತ್ತಿತ್ತು. ಹುರಿಯನ್ನು ಬೆರಳಿಗೆ ಸುತ್ತಿಕೊಂಡ. ಶೈಲಜಾ ನಿಧಾನಕ್ಕೆ ಕೈ ಜೋಡಿಸಿದಳು.

ಆಗ ಅಂಗಳದಿಂದ ಹನುಮಂತು ಕೂಗಿದ: "ವಿಮಾನ ತಯಾರಾತ್ರೀ! ಸಾವ್ಕಾರ್ರನ್ನ ಎತ್ತಿ ಕೂಡಸ್ರಿ!"

ನಾಲ್ಕು ವರ್ಷದ ಅಂಬಿಕಾ ಕತ್ತೆತ್ತಿ ಮುಗಿಲು ನೋಡಿದಳು. ಮುಗಿಲಲ್ಲಿ ಏನೂ ಇರಲಿಲ್ಲ. ಆಮೇಲೆ ಸಿದ್ದಲಿಂಗೇಶನ ಕಾಲ ಸಂದಿಯಿಂದ ಒಳಗೆ ಇಣುಕಿದಳು.

"ಅವ್ವಾ, ಅಜ್ಜ ಅಲ್ಲಿ ಕುಂತಾನ! ವಿಮಾನ ಯಾಕ? ಅಜ್ಜ ವಿಮಾನ ಒಲ್ಲೆ ಅಂದಾನ. ರೈಲು ತರ್ತೀನಿ ಅಂದಾನ."

ಪಡಸಾಲೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಕೂಸಿಗೆ ಅಜ್ಜನ ಗುರುತು ಎಲ್ಲಿಂದ ಬಂತು? ಸಂಗನಬಸವ ಮಾತ್ರ ಅವಳ ಕೈಯನ್ನೇ ನೋಡುತ್ತಿದ್ದ. ಅವಳ ಮುಷ್ಟಿಯಲ್ಲೊಂದು ತಗಡಿನ ಡಬ್ಬಿಯಿತ್ತು, ಕೆಳಗೆ ಅಂಗಿಯ ಗುಂಡಿಯ ನಾಲ್ಕು ಗಾಲಿ. ಅದು ತಮ್ಮ ಅಂಗಡಿಯ ಚಹಾಪುಡಿ ತಗಡು. ಅಪ್ಪನ ಓರೆ ಅಕ್ಷರದ ಚೀಟಿ ಇನ್ನೂ ಅರ್ಧ ಉಳಿದಿತ್ತು.

*

ಸೋಮವಾರವೆಂದರೆ ಅಮರಗುಂಡಪ್ಪ ಮಾಲು ತರಲು ಸಿಂಧನೂರಿಗೆ ಹೋಗುವ ದಿನ. ಮಾಲು ತರುತ್ತಿದ್ದುದು ನಿಜವೇ. ಎರಡು ವರ್ಷದಿಂದ ಮಗಳ ಮನೆಗೆ ಹೋಗುತ್ತಿದ್ದುದೂ ನಿಜ.

ಅಂಬಿಕಾ ಕೇಳಿದ್ದು ವಿಮಾನದ ಆಟಿಕೆ. "ವಿಮಾನ ಬ್ಯಾಡವ್ವ," ಎಂದಿದ್ದ ಅಜ್ಜ. "ಅದು ಒಬ್ಬರನ್ನ ಒಯ್ತೈತಿ. ರೈಲಾದ್ರ ಎಲ್ಲಾರ್ನೂ ಒಯ್ತೈತಿ."

ತಂದ ರೈಲು ಕಿರ್ರೆಂದು ಸಿಳ್ಳೆ ಹಾಕಿದಾಗ ಕೂಸು ಹೆದರಿ ಚೀರಿತು. ಅಜ್ಜ ಸಿಳ್ಳೆಯನ್ನೇ ಕಿತ್ತುಹಾಕಿದ. ಮೊದಲ ಡಬ್ಬಿ ತನ್ನದು, ಎರಡನೆಯದು ಅವ್ವನದು ಎಂದು ಅಂಬಿಕಾ ಹಂಚಿದಳು. "ಅಜ್ಜಾ, ನೀ ಇಂಜಿನ್ನು. ಅಪ್ಪಂದೆಲ್ಲಿ?"

ಅವಳಪ್ಪ ಮಲ್ಲೇಶ ಮೂಲೆಯಲ್ಲಿ ಪೇಪರು ಓದುತ್ತಿದ್ದ. ಅಳಿಯನೊಂದಿಗೆ ಅಮರಗುಂಡಪ್ಪ ಅಲ್ಲಿಯವರೆಗೂ ನೆಟ್ಟಗೆ ಮಾತಾಡಿರಲಿಲ್ಲ. ಮರುವಾರ ತಗಡಿನ ಡಬ್ಬಿ ಮಾಡಿ ತಂದ. ಅದು ಬಳಗಾನೂರಿನ ತಿರುವಿಗೆ ಬಂದ ಕೂಡಲೇ ಕಳಚಿ ಬೀಳುತ್ತಿತ್ತು. "ಅಪ್ಪ ಬಿದ್ದ!" ಎಂದು ಕೂಸು ಪ್ರತಿಸಲ ಅತ್ತಿತು.

"ಮನ್ಯಾಗ ಹೇಳೀಯೇನಪ್ಪ?" ಶೈಲಜಾ ಕೇಳಿದಳು.

"ನಿಮ್ಮವ್ವಗ ಗೊತ್ತು. ಸಂಗಣ್ಣಗ ಹೆಂಗ ಹೇಳ್ಬೇಕು ತಿಳೀವಲ್ದು. ನಾ ಸಿಟ್ಟಿನ್ಯಾಗ ಆಡಿದ್ದನ್ನ ಅವ ಭಾಳ ಗಟ್ಟಿ ಹಿಡಿದಾನ." ಅಮರಗುಂಡಪ್ಪ ಹಲಗೆಗೆ ಗೋಣಿಚೀಲ ಸುತ್ತಿದ. "ತಿರುವು ಸರಿ ಮಾಡಿ ತರ್ತೀನವ್ವ. ಅಲ್ಲೀತನಕ ಅಪ್ಪನ ಡಬ್ಬಿ ನಿನ್ನ ಹಂತ್ಯಾಕ ಜ್ವಾಕಿ ಇಟ್ಕೋ."

*

"ಅಪ್ಪ ನಿಮ್ಮ ಮನೀಗೆ ಬರ್ತಿದ್ನಾ?" ಸಂಗನಬಸವ ಕೇಳಿದ.

"ಪ್ರತಿ ಸೋಮಾರ, ಅಣ್ಣಾ."

ಸಂಗನಬಸವ ತಂಗಿಯ ಕಡೆ ಹೋಗಲಿಲ್ಲ. ಹೆಣದ ಮುಂದೆ ಹೋಗಿ ನಿಂತ. "ನನಗ್ಯಾಕ ಹೇಳಲಿಲ್ಲೋ?" ಎಂದು ಕೂಗಿದ. "ನಿನ್ನ ಮಾತಂತ ಆಕಿ ಅಣ್ಣಾ ಅಂದ್ರ ಗುರುಗುಂಟಾ ಬಸ್ ಹತ್ತಿ ಹೋದ್ನೆಲ್ಲೋ! ನೀ ಹೋಗಿ ರೈಲು ಆಡ್ಕೋಂತ ಕುಂತಿದ್ಯಾ? ಹೇಳೋ! ನಾ ಏನ್ ಮಾಡಿದ್ನಿ ನಿನಗ?"

ಅವನ ಕೈ ಅಪ್ಪನ ಕೊರಳಿನ ಹಾರಕ್ಕೆ ಹೋಗಿತ್ತು. ಸೇವಂತಿಗೆಯ ಎಸಳು ಉದುರಿದವು. ಯಾರೋ ಹಿಡಿಯಲು ಎದ್ದರು.

ಶಿವಬಸಮ್ಮ ಬೀಸಣಿಗೆ ನಿಲ್ಲಿಸಿದಳು. "ಹೇಳ್ಬೇಕಂತನ ಇದ್ದ. ಅಂಜತಿದ್ದ."

"ಯಾರಿಗೆ? ಕಾಕಾಗ?"

"ನಿನಗೋ, ತಮ್ಮಾ."

ಸಂಗನಬಸವನ ಕೈ ಹಾರದಿಂದ ಜಾರಿತು. ಆಮೇಲೆ ಕಣ್ಣೊರೆಸಿಕೊಂಡು ಹೊಸ್ತಿಲಿಗೆ ಬಂದು, ಸಿದ್ದಲಿಂಗೇಶನನ್ನು ತೋಳು ಹಿಡಿದು ಸರಿಸಿದ. "ಬಾ ಶೈಲೀ," ಎಂದ. "ಕೂಸಿನ್ನೂ ಕರಕೊಂಡ ಬಾ."

"ಅವ ಮಾತ್ರ ಅಲ್ಲೇ ಇರ್ಲಿ," ಸಿದ್ದಲಿಂಗೇಶ ಗೊಣಗಿದ. ಸಂಗನಬಸವ ಗಟಾರದಾಚೆ ನೋಡದೆ ಒಳಗೆ ತಿರುಗಿದ. ಶೈಲಜಾ ತಿರುಗಿ ಗಂಡನನ್ನು ನೋಡಿದಳು. ಹೋಗು ಎಂದು ಅವನೇ ಕೈಸನ್ನೆ ಮಾಡಿದ. ಅವಳು ಒಳಗೆ ಬಂದು ಅಪ್ಪನ ಮಡಿಲಲ್ಲಿ ಹಣೆಯಿಟ್ಟು ಜೋರಾಗಿ ಅತ್ತಳು.

ಅಮರಗುಂಡಪ್ಪನನ್ನು ವಿಮಾನದಲ್ಲಿ ಕೂಡಿಸಿ ಎತ್ತಿದರು. ಹಿಂದಿನ ಬಿದಿರಿಗೆ ಸಂಗನಬಸವ ಹೆಗಲು ಕೊಟ್ಟ. ಅಂಬಿಕಾ ವಿಮಾನವನ್ನು ಮೇಲಿನಿಂದ ಕೆಳಗೆ ನೋಡಿದಳು. ಅದಕ್ಕೆ ರೆಕ್ಕೆಯಿರಲಿಲ್ಲ, ಅದು ಹಾರುವ ಹಾಗೂ ಕಾಣಲಿಲ್ಲ. ಅವಳಿಗೆ ಸಮಾಧಾನವಾಯಿತು.

"ಅಜ್ಜ ಇಂಜಿನ್ನು," ಎಂದು ಸಂಗನಬಸವನ ಅಂಗಿಯ ಚುಂಗು ಹಿಡಿದಳು. "ಅವ್ವಾ, ನನ್ನ ಹಿಡಕೋ. ಅಪ್ಪಾ! ಬಾ, ನಿನ್ನ ಡಬ್ಬಿ ಹಿಂದಿಂದು!"

ಗಟಾರದಾಚೆ ಮಲ್ಲೇಶ ಅಲುಗಲಿಲ್ಲ. ಅವನ ಕಣ್ಣು ಸಂಗನಬಸವನ ಬೆನ್ನ ಮೇಲಿತ್ತು.

"ನಡಿಯಲೇ ಸಂಗಣ್ಣ, ಹೊತ್ತು ಮುಣುಗತೈತಿ!" ಸಿದ್ದಲಿಂಗೇಶ ಗದರಿದ.

ಮುಂದಿನವರು ಹೆಜ್ಜೆ ಕಿತ್ತರು. ಸಂಗನಬಸವ ಕೀಳಲಿಲ್ಲ. ವಿಮಾನ ಕರಕರ ಎಂದು ಜಗ್ಗಿ ನಿಂತಿತು.

"ತಡೀ ಕಾಕಾ," ಎಂದ ಅವನು, ಹಿಂದೆ ತಿರುಗದೆ. "ಡಬ್ಬಿ ಕೂಡ್ಲಿ."

ಮಲ್ಲೇಶ ಹೆಲ್ಮೆಟ್ಟನ್ನು ಸ್ಕೂಟರಿನ ಮೇಲಿಟ್ಟ. ಗಟಾರ ದಾಟಿ ಬಂದು ಶೈಲಜಾಳ ಸೆರಗಿನ ತುದಿ ಹಿಡಿದ. ಸಂಗನಬಸವ ಹೆಜ್ಜೆ ಕಿತ್ತ.

ಬಜಾರಿನ ಮೂಲೆಯಲ್ಲಿ ಅಂಬಿಕಾ ಅಂಗಿಯನ್ನು ಜಗ್ಗಿದಳು. "ತಿರುವು ಬಂತು. ಹಗೂರ ಹೋಗು."

ಸಂಗನಬಸವ ನಡಿಗೆ ನಿಧಾನ ಮಾಡಿದ, ಮುಂದಿನವರೂ ಮಾಡಬೇಕಾಯಿತು. ವಿಮಾನ ದೊಡ್ಡ ತಿರುವು ತೆಗೆದುಕೊಂಡಿತು. ಎಲ್ಲರ ಹಿಂದೆ ಮಲ್ಲೇಶ ಗಟಾರದ ಅಂಚಿನವರೆಗೂ ಎಳೆಸಿಕೊಂಡು ಹೋದ. ಒಂದು ಕಾಲು ಜಾರಿತು. ಸೆರಗು ಮಾತ್ರ ಅವನ ಮುಷ್ಟಿಯಲ್ಲೇ ಇತ್ತು.