ಕಡಲಿಗೆ ಹೊತ್ತ ಹರಕೆ

ನಮ್ಮತ್ತೆ ಮುನಿಗಂಗಮ್ಮನವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಲು ಉಕ್ಕಿಸಿದವರು ಯಾರು ಎಂದು ಕೇಳಿದರೆ, ತಾವು ಉಕ್ಕಿಸದಿದ್ದರೂ ತಪ್ಪಿತಸ್ಥರ ಮುಖ ಮಾಡಿಕೊಂಡು ನಿಲ್ಲುತ್ತಾರೆ. ಅಂಥವರು ಹೋದ ವರ್ಷ ದೇವರ ಹೆಸರಿನಲ್ಲೇ ಸುಳ್ಳು ಹೇಳಿಬಿಟ್ಟರು. ಅದಕ್ಕೆಲ್ಲ ಕಾರಣ ನಮ್ಮ ಮನೆಯ ಮೆಟ್ಟಿಲ ಮೇಲೆ ಬಿದ್ದಿದ್ದ ಒಂದು ಹಿಡಿ ಮರಳು.

ಅಟ್ಟೂರಿನ ನಮ್ಮ ಮನೆಯ ಮಹಡಿಯಲ್ಲಿ ತೇಜಸ್ವಿನಿ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ಹೆಬ್ಬಾಳದ ಕಡೆ ಯಾವುದೋ ಆಫೀಸು. ತಿಂಗಳಿಗೊಂದು ಸಲ ಬೆನ್ನಿಗೆ ಬ್ಯಾಗೇರಿಸಿಕೊಂಡು ಯಶವಂತಪುರದಲ್ಲಿ ರೈಲು ಹತ್ತುತ್ತಾಳೆ. ಸೋಮವಾರ ಬೆಳಿಗ್ಗೆ ಬಿಸಿಲಿಗೆ ಮೂಗು ಕಪ್ಪಗೆ ಮಾಡಿಕೊಂಡು, ಮೆಟ್ಟಿಲುದ್ದಕ್ಕೂ ಮರಳು ಉದುರಿಸಿಕೊಂಡು ಬರುತ್ತಾಳೆ. ಅದನ್ನು ಗುಡಿಸುವವರು ನಮ್ಮತ್ತೆ. ಒಂದು ದಿನ ಪೊರಕೆ ಹಿಡಿದೇ ಅವಳನ್ನು ತಡೆದು ವಿಚಾರಣೆ ಮಾಡಿದರು. ಅಲ್ಲಿ ಯಾವ ದೇವರಿದೆ? ಯಾವ ದೇವರೂ ಇಲ್ಲ. ನೆಂಟರು? ಇಲ್ಲ. ಹಾಗಾದರೆ ಮದುವೆಯೋ ತಿಥಿಯೋ? ಅದೂ ಅಲ್ಲ. ಗೋಕರ್ಣದಿಂದಲೂ ಆಚೆ, ಕಾಡಿನ ಗುಡ್ಡ ಇಳಿದು ಹೋದರೆ ಒಂದು ಸಣ್ಣ ಕಡಲತೀರ ಸಿಗುತ್ತದಂತೆ, ಅಲ್ಲಿ ನಾಲ್ಕಾರು ಗುಡಿಸಲು, ಅಷ್ಟೇ.

"ಮತ್ತೆ ಅಲ್ಲಿ ಏನ್ ಮಾಡ್ತೀಯಮ್ಮ?" ಎಂದರು ಅತ್ತೆ.

"ಏನೂ ಮಾಡಲ್ಲ ಆಂಟಿ. ಸುಮ್ನೆ ಕೂತಿರ್ತೀನಿ."

ಈ ಉತ್ತರದಿಂದ ಅತ್ತೆಯ ತಲೆಯೊಳಗೆ ಹುಳ ಬಿಟ್ಟಂತಾಯಿತು. ಸುಮ್ಮನೆ ಕೂರುವುದಕ್ಕೆ ರೈಲು ಯಾಕೆ, ನಮ್ಮ ತಾರಸಿಯ ಮೇಲೆ ಕೂತರೆ ಆಗದೇ ಎಂದು ನನ್ನನ್ನು ಕೇಳಿದರು. ಕೇಳಿ ಬಿಡುವವರಲ್ಲ, ಮಾಡಿಯೂ ನೋಡಿದರು. ಒಂದು ಮಧ್ಯಾಹ್ನ ತಾರಸಿಗೆ ಚಾಪೆ ಹಾಕಿಕೊಂಡು ಕೂತರು. ಕೂತಿದ್ದೇ ತಡ, ನೀರಿನ ಟ್ಯಾಂಕರಿನವನು ಕೂಗಿದ. ಅವನನ್ನು ಕಳಿಸಿ ಹತ್ತಿದರೆ ನಮ್ಮ ಮಾವ ಚಿಕ್ಕಹನುಮಯ್ಯನವರಿಗೆ ಕನ್ನಡಕ ಕಾಣಲಿಲ್ಲ. ಅದು ಅವರ ತಲೆಯ ಮೇಲೇ ಇತ್ತು. ಮೂರನೆಯ ಸಲ ಕೂತಾಗ ಯಾರೂ ಕೂಗಲಿಲ್ಲ, ಆದರೆ ಅತ್ತೆಯ ಕೈ ತಾನಾಗಿ ಪಕ್ಕದಲ್ಲಿ ಒಣಗಲು ಹಾಕಿದ್ದ ಮೆಣಸಿನಕಾಯಿಯ ತೊಟ್ಟು ಮುರಿಯತೊಡಗಿತ್ತು. ಕೆಳಗಿಳಿದು ಬಂದು, "ಇಲ್ಲಿ ಆಗಾಕಿಲ್ಲ ಕಣೇ ಸುಮಾ" ಎಂದರು. ನಾನು ನಕ್ಕೆ, ಅವರು ನಗಲಿಲ್ಲ.

ಅವರಿಗೆ ಇನ್ನೊಂದು ಕುತೂಹಲವೂ ಇತ್ತು. ಮದುವೆಯಾಗಿ ಬಂದಾಗ ಅವರು ಗಂಗೆ ಪೂಜೆ ಮಾಡಿದ್ದು ಅಟ್ಟೂರು ಕೆರೆಯ ದಂಡೆಯಲ್ಲಿ. ಆಮೇಲೆ ಪೂಜೆ ಮನೆಯ ಬಾವಿಗೆ ಬಂತು. ಬಾವಿ ಮುಚ್ಚಿದ ಮೇಲೆ ಬೋರ್‌ವೆಲ್ಲಿಗೆ, ಈಗ ಸಂಪಿನ ಮುಚ್ಚಳಕ್ಕೆ. ಕಬ್ಬಿಣದ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಟ್ಯಾಂಕರ್ ನೀರಿಗೆ ಕೈಮುಗಿದು ಅವರಿಗೆ ಸಾಕಾಗಿತ್ತು. ವರ್ಷ ವರ್ಷ ಚಿಕ್ಕವಳಾಗುತ್ತಾ ಬಂದ ಗಂಗಮ್ಮ ನಿಜವಾಗಿ ಎಷ್ಟು ದೊಡ್ಡವಳು ಎಂದು ಒಂದು ಸಲ ನೋಡಬೇಕು, ಒಂದು ಹಗಲು ಅವಳೆದುರು ಸುಮ್ಮನೆ ಕೂರಬೇಕು, ಅಷ್ಟೇ ಅವರ ಆಸೆ. ಅರವತ್ತು ದಾಟಿದ ಹೆಂಗಸು ಇಷ್ಟು ಸಣ್ಣ ಆಸೆಯನ್ನು ಸೊಸೆಯ ಕಿವಿಯಲ್ಲಿ ಪಿಸುಗುಟ್ಟಬೇಕೇ?

ಪಿಸುಗುಟ್ಟಲೇಬೇಕಿತ್ತು. ನಮ್ಮ ಮನೆತನದ ಹೆಂಗಸರು ಊರು ಬಿಟ್ಟು ಹೋಗುವುದು ದೇವರಿಗೆ, ಮದುವೆಗೆ, ಸಾವಿಗೆ, ಇಲ್ಲವೇ ಆಸ್ಪತ್ರೆಗೆ. ಹೀಗೇ ಸುಮ್ಮನೆ ಹೋದವರಿಲ್ಲ. ಹಾಗಾಗಿ ಒಂದು ಭಾನುವಾರ ಎಲ್ಲರೂ ಮುದ್ದೆ ಉಣ್ಣುತ್ತಿದ್ದಾಗ ಅತ್ತೆ ತಲೆ ತಗ್ಗಿಸಿಕೊಂಡೇ ಹೇಳಿಬಿಟ್ಟರು: ಬೋರ್‌ವೆಲ್ ಹಾಕಿಸಿದಾಗ ನೀರು ಬಿದ್ದರೆ ಕಡಲಿಗೇ ಬಂದು ಪೂಜೆ ಮಾಡುತ್ತೇನೆ ಎಂದು ಗಂಗಮ್ಮನಿಗೆ ಹರಕೆ ಹೊತ್ತಿದ್ದೆ, ತೀರಿಸುವುದು ಮರೆತೇ ಹೋಗಿತ್ತು, ಅದಕ್ಕೇ ಈಗ ಬೋರ್ ಬತ್ತಿದೆ.

ಬೋರ್‌ವೆಲ್ ಬತ್ತಿದ್ದು ಸುತ್ತ ಎದ್ದ ಅಪಾರ್ಟ್‌ಮೆಂಟುಗಳಿಂದ ಎಂದು ಎಲ್ಲರಿಗೂ ಗೊತ್ತು. ಆದರೂ ಮಾವ ತುತ್ತು ಕೆಳಗಿಟ್ಟರು. ಪಕ್ಕದಲ್ಲಿ ಕೂತಿದ್ದ ಅವರಕ್ಕ ಬೈರಮ್ಮ ಕತ್ತೆತ್ತಿ ಅತ್ತೆಯನ್ನು ದಿಟ್ಟಿಸಿದರು. ಮನೆಯಲ್ಲಿ ಎಲ್ಲರೂ ಬೈರಮ್ಮಜ್ಜಿ ಎಂದು ಕರೆಯುವ ಇವರು ಶಾಸ್ತ್ರ ಸಂಪ್ರದಾಯದಲ್ಲಿ ನಮ್ಮ ಸುಪ್ರೀಂ ಕೋರ್ಟು.

"ಅರಕೆ ಅಂದ್ರೆ ಬಾಕಿ ಇಕ್ಕಬಾರ್ದು" ಎಂದರು ಬೈರಮ್ಮಜ್ಜಿ. "ಮನೆಯೋರೆಲ್ಲಾ ಓಗ್ಬೇಕು."

ಬೇಲಿ ಮೇಲಿದ್ದ ಓತಿಕ್ಯಾತವನ್ನು ಮೈಮೇಲೆ ಬಿಟ್ಟುಕೊಂಡಂತಾಯಿತು ಅತ್ತೆಯ ಗತಿ. ತೇಜಸ್ವಿನಿಯ ಜೊತೆ ರೈಲಿನಲ್ಲಿ ಹೋಗಿಬರೋಣ ಎಂದುಕೊಂಡಿದ್ದವರ ಹಿಂದೆ ಒಂದು ಟಿಟಿ ತುಂಬಾ ನೆಂಟರು ಹೊರಟರು. ನನ್ನ ಗಂಡ ಗಿರಿ ಆ ಟೆಂಪೋ ಟ್ರಾವೆಲರ್ ಗಾಡಿ ಗೊತ್ತು ಮಾಡಿದರು. ತೇಜಸ್ವಿನಿ ಫೋನಿನಲ್ಲೇ ಗುಡಿಸಲುಗಳನ್ನು ಹಿಡಿದುಕೊಟ್ಟಳು. ಗ್ಯಾಸ್ ಸ್ಟೌ, ಕುಕ್ಕರು, ರಾಗಿ ಹಿಟ್ಟು, ಮುದ್ದೆ ಕೋಲು ಎಲ್ಲ ಸೀಟಿನ ಕೆಳಗೆ ಸೇರಿದವು. ಗೊರಗುಂಟೆಪಾಳ್ಯ ದಾಟುವ ಹೊತ್ತಿಗೆ ಮಾವ, ಹೇಗೂ ಅಷ್ಟು ದೂರ ಹೋಗುತ್ತೇವಲ್ಲ, ಪೂಜೆ ಮುಗಿಸಿ ಮುರುಡೇಶ್ವರ, ಇಡಗುಂಜಿ, ಕೊಲ್ಲೂರು ಎಲ್ಲ ನೋಡಿಕೊಂಡು ಬಂದುಬಿಡೋಣ ಎಂದು ಡ್ರೈವರಿಗೆ ಹೇಳಿಯಾಗಿತ್ತು. ಅತ್ತೆ ಕಿಟಕಿಯ ಕಡೆ ತಿರುಗಿಕೊಂಡರು. ದೇವರ ಹೆಸರಲ್ಲಿ ಸುಳ್ಳು ಹೇಳಿದೆನಲ್ಲ, ಗಂಗಮ್ಮ ಸುಮ್ಮನೆ ಬಿಡುವುದಿಲ್ಲ ಎಂದು ತುಮಕೂರಿನವರೆಗೂ ನನ್ನ ಕೈ ಹಿಡಿದೇ ಇದ್ದರು.

ರಾತ್ರಿಯಿಡೀ ಓಡಿದ ಟಿಟಿ ಬೆಳಿಗ್ಗೆ ಗುಡ್ಡದ ಮೇಲೆಯೇ ನಿಂತಿತು. ಕೆಳಗೆ ಕಾಡಿನ ಕಾಲುದಾರಿ. ಒಬ್ಬರು ಸ್ಟೌ ಹೊತ್ತು, ಇನ್ನೊಬ್ಬರು ಬೈರಮ್ಮಜ್ಜಿಯ ಕೈ ಹಿಡಿದು, ಬೇರು ಬಳ್ಳಿಗಳನ್ನು ದಾಟುತ್ತಾ ಇಳಿದೆವು. ಮರಗಳು ಎಷ್ಟು ದಟ್ಟವಾಗಿದ್ದವೆಂದರೆ ಬೆಳಗಿನ ಹೊತ್ತಿನಲ್ಲೂ ಮಾವ ಟಾರ್ಚು ಹಾಕಿದರು. ಆಮೇಲೆ ಮರಗಳು ಮುಗಿದು ಒಮ್ಮೆಗೇ ಕಡಲು ಎದುರಾಯಿತು. ಅತ್ತೆ ನಿಂತಲ್ಲೇ ನಿಂತರು. ಬಾಯಿಗೆ ಸೆರಗು ಹಿಡಿದು, ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ನೋಡಿದರು. ಸಂಪಿನ ಮುಚ್ಚಳಕ್ಕೆ ಹಚ್ಚುವಷ್ಟೇ ಅರಿಶಿನ ತಂದಿದ್ದಕ್ಕೆ ಅವರಿಗೆ ನಾಚಿಕೆಯಾಯಿತು.

ನಮ್ಮವರಿಗೆ ಅಲ್ಲಿ ಕಂಡದ್ದೆಲ್ಲ ವಿಚಿತ್ರ. ಎರಡು ತೆಂಗಿನ ಮರಗಳ ನಡುವೆ ಜೋಲಿ ಕಟ್ಟಿಕೊಂಡು ಗಡ್ಡದ ಗಂಡಸೊಬ್ಬ ಮಲಗಿದ್ದ. ದೊಡ್ಡವರಿಗೂ ಜೋಲಿಯೇ ಎಂದು ಮಾವ ಹತ್ತಿರ ಹೋಗಿ ನೋಡಿಬಂದರು. ಇಲ್ಲಿ ನೋಡುವಂಥದ್ದು ಏನಿದೆ ಎಂದು ಗುಡಿಸಲಿನ ಯಜಮಾನಿತಿಯನ್ನು ಕೇಳಿದರೆ ಅವರು ಕಡಲು ತೋರಿಸಿದರು. ಬೇರೆ ಏನಿದೆ ಎಂದರೆ ಹಿಂದಿನ ಕಾಡು ತೋರಿಸಿದರು. ಅಷ್ಟಕ್ಕೆ ಮಾವನ ಆಸಕ್ತಿ ಮುಗಿಯಿತು. ಪೂಜೆಯಾಗಿ, ಚಿತ್ರಾನ್ನ ತಿಂದು ಕೈತೊಳೆದದ್ದೇ, ಹರಕೆ ತೀರಿತಲ್ಲ, ಎಲ್ಲರೂ ಗುಡ್ಡ ಹತ್ತಿ ಎಂದರು.

ಅತ್ತೆ ನನ್ನನ್ನು ನೋಡಿದರು. ನಾನೇ ಏನಾದರೂ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ತೀರಿಲ್ಲ. ಒತ್ತು ಮುಳುಗೋಗಂಟ ಗಂಗಮ್ಮನ ಮುಂದೆ ಕೂತಿರ್ತೀನಿ, ಯಾವ ಕೆಲ್ಸಾನೂ ಮುಟ್ಟಲ್ಲ ಅಂತ ಒತ್ಕೊಂಡಿದ್ದು."

ಒಂದು ಸುಳ್ಳು ಎರಡಾಯಿತು. ಇಂಥ ಹರಕೆಯನ್ನು ಹುಟ್ಟಿದಾರಭ್ಯ ಯಾರೂ ಕೇಳಿರಲಿಲ್ಲ. ಎಲ್ಲರೂ ಬೈರಮ್ಮಜ್ಜಿಯ ಕಡೆ ತಿರುಗಿದರು. ಅಜ್ಜಿ ಎಲೆಯಡಿಕೆಯನ್ನು ದವಡೆಯ ಆ ಕಡೆಯಿಂದ ಈ ಕಡೆಗೆ ತಂದುಕೊಂಡು, ಹಾಗಿದ್ದರೆ ಅವಳನ್ನು ಏಳಿಸಬಾರದು, ನೀವೆಲ್ಲ ಹೋಗಿ ಬನ್ನಿ, ಅವಳ ಕಾವಲಿಗೆ ನಾನು ಇರುತ್ತೇನೆ ಎಂದರು. ಜೊತೆಗೆ ನಾನೂ ಉಳಿದುಕೊಂಡೆ. ಮಾವ ಹೋಗುವಾಗ, ಕನ್ನಡಕ ಯಾವ ಬ್ಯಾಗಿನಲ್ಲಿದೆ ಎಂದು ಅತ್ತೆಯನ್ನು ಕೇಳಹೋದರು. ಹರಕೆಯಲ್ಲಿರುವವಳನ್ನು ಮಾತಾಡಿಸಬೇಡ ಎಂದು ಅಜ್ಜಿ ಗದರಿದರು.

ಸುಮ್ಮನೆ ಕೂರುವುದು ಅತ್ತೆಗೆ ಅಲ್ಲೂ ಸಲೀಸಾಗಿ ಬರಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಕೈ ಮರಳಿಗೆ ಇಳಿದು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಕಪ್ಪೆಚಿಪ್ಪು ಆರಿಸತೊಡಗಿತು. ಅಜ್ಜಿ ಪಟ್ಟನೆ ಆ ಕೈಗೆ ಹೊಡೆದರು. ಆಮೇಲೆ ಕೈ ಮಡಿಲು ಸೇರಿತು. ಮಧ್ಯಾಹ್ನದ ಹೊತ್ತಿಗೆ ಅವರ ಭುಜ ಇಳಿದಿತ್ತು. ನಾನು ಸೊಸೆಯಾಗಿ ಬಂದಾಗಿನಿಂದ ನೋಡಿದ್ದ, ಯಾರೋ ಈಗ ಕೂಗುತ್ತಾರೆ ಎಂದು ಕಾಯುವ ಆ ಮುಖ ಹೋಗಿ, ಬೇರೆ ಯಾವುದೋ ಮುಖ ಬಂದಿತ್ತು. ಮದುವೆಗೆ ಮುಂಚೆ ಹೀಗಿದ್ದರೇನೋ. ಅವರಿಗೆ ಏನು ಕಾಣುತ್ತಿದೆ ಎಂದು ತಿಳಿಯಲು ನಾನೂ ಕಡಲು ನೋಡಿದೆ. ಅಲೆ ಬರುತ್ತಿತ್ತು, ಹೋಗುತ್ತಿತ್ತು. ಬೇಸರವಾಗುತ್ತದೆ ಎಂದು ಕಾದೆ, ಆಗಲಿಲ್ಲ.

ಸಂಜೆ ಬಿಸಿಲು ಕೆಂಪಾದಾಗ ಅತ್ತೆಗೆ ತಡೆಯಲಾಗಲಿಲ್ಲ. ಬೈರಮ್ಮಜ್ಜಿಯ ಕಡೆ ತಿರುಗಿ, "ಅಕ್ಕಾ, ನಾನು ಸುಳ್ಳೇಳ್ದೆ. ಯಾವ ಅರಕೇನೂ ಇಲ್ಲ" ಎಂದರು. ಕಣ್ಣಲ್ಲಿ ನೀರಿತ್ತು.

ಅಜ್ಜಿ ಕಡಲಿನಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು. ಬೋರ್ ಆಕ್ಸಿದಾಗ ಪೂಜೆಗೆ ನಿಂತೋಳು ನಾನು. ನೀನು ಗಿರಿ ಎರಿಗೇಗೆ ತೌರಲ್ಲಿದ್ದೆ."

"ಮತ್ತೆ ಅವತ್ತೇ ಯಾಕೆ ಏಳ್ಲಿಲ್ಲ?"

"ಏಳಿದ್ರೆ ನನ್ನ ಯಾರು ಕರ್ಕೊಂಡ್ ಬರೋರು?"

ಅತ್ತೆ ಬಾಯಿ ಬಿಟ್ಟುಕೊಂಡು ಅವರನ್ನೇ ನೋಡಿದರು. ಹಾಗಾದರೆ ಗಂಗಮ್ಮನಿಗೆ ಏನು ಹೇಳಲಿ ಎಂದು ಕೇಳಿದರು. ಬೆಳಿಗ್ಗೆಯಿಂದ ಅವಳ ಮುಂದೇ ಕೂತಿದ್ದೀಯ, ಸಿಟ್ಟಿದ್ದಿದ್ದರೆ ಇಷ್ಟು ಹೊತ್ತಿಗೆ ಅಂದಿರುತ್ತಿದ್ದಳು ಎಂದರು ಅಜ್ಜಿ. ಹಾಗೆಂದು ಕಾಲು ನೀಡಿಕೊಂಡರು. ಎಂಬತ್ತರ ಹತ್ತಿರದ ಆ ಒಡೆದ ಹಿಮ್ಮಡಿಗಳವರೆಗೆ ಅಲೆ ಬಂದು ತಾಗಿ ಹೋಯಿತು. ಅತ್ತೆಯೂ ಕಾಲು ನೀಡಿದರು.

ಸೂರ್ಯ ಮುಳುಗಿದ. ಗುಡ್ಡದ ಮೇಲೆ ಟಿಟಿಯ ಹಾರನ್ ಕೇಳಿಸಿತು. ಹಿಂದೆಯೇ ಗಿರಿಯ ಫೋನ್ ಬಂತು. ಎಲ್ಲರೂ ವಾಪಸ್ ಬಂದಿದ್ದೇವೆ, ಅಪ್ಪನಿಗೆ ಕಾಫಿ ಬೇಕಂತೆ, ಅಮ್ಮನ ಹರಕೆ ಮುಗಿಯಿತಾ ಎಂದು ಕೇಳಿದರು. ನಾನು ಕತ್ತಲಲ್ಲಿ ಒಬ್ಬರ ಪಕ್ಕ ಒಬ್ಬರು ಕೂತಿದ್ದ ಆ ಇಬ್ಬರನ್ನು ನೋಡಿದೆ.

"ಇನ್ನೂ ಇಲ್ಲ ಕಣ್ರೀ" ಎಂದೆ. "ಬೈರಮ್ಮಜ್ಜೀದೂ ಒಂದು ಬಾಕಿ ಇದ್ಯಂತೆ. ಅದಾದ್ಮೇಲೆ ನಂದು."