ನನ್ನ ಬೆನ್ನ ಮೇಲೆ ನಿಂಬೆವ್ವ ಬರೆದದ್ದು

ನಾನು ಒಂದು ಹಲಗೆ. ಗಜೇಂದ್ರಗಡದ ಚಂದ್ರಕಲಾ ಟಾಕೀಸಿನಲ್ಲಿ, ಜನ ಹತ್ತಿ ಕುಣಿದು ಮುರಿದ ಒಂದು ಬೆಂಚಿನಿಂದ ನನ್ನನ್ನು ಕೊಯ್ದು ತೆಗೆದರು. ಪೇಂಟರ್ ಹಜರತಸಾಬರು ನನ್ನ ಮುಖಕ್ಕೆ ಹಳದಿ ಬಳಿದು, ಅದರ ಮೇಲೆ ಕೆಂಪಕ್ಷರದಲ್ಲಿ ‘ಹೌಸ್‌ಫುಲ್’ ಎಂದು ಬರೆದರು. ಡಬ್ಬಿಯಲ್ಲಿ ಉಳಿದಿದ್ದ ಕರಿ ಬಣ್ಣ ಚೆಲ್ಲಲು ಮನಸ್ಸಾಗದೆ ಬೆನ್ನಿಗೂ ಒಂದು ಕೈ ಹಚ್ಚಿದರು. ಮೊದಲ ದಿನ ನನಗೆ ಕುಂಕುಮವಿಟ್ಟು, ಕಾಯಿ ಒಡೆದು, ಚೆಂಡುಹೂವಿನ ಮಾಲೆ ಹಾಕಿದರು. ನಾನು ಉಬ್ಬಿಹೋದೆ. ಆದರೆ ಟಾಕೀಸು ತುಂಬುವುದು ವರ್ಷಕ್ಕೆ ನಾಲ್ಕೋ ಐದೋ ಸಲ ಎಂಬುದು ಬೇಗನೇ ತಿಳಿಯಿತು. ಉಳಿದ ದಿನಗಳಲ್ಲಿ ನನ್ನನ್ನು ಹೆಂಗಸರ ಬಾಗಿಲ ಪಕ್ಕ, ಮುಖ ಗೋಡೆಗೆ ಮಾಡಿ ನಿಲ್ಲಿಸುತ್ತಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಒಂದೂ ಸಿನಿಮಾ ನೋಡಿದವನಲ್ಲ. ನಾನು ಕಂಡದ್ದೆಲ್ಲ ನಿಂಬೆವ್ವನ ಕಣ್ಣಿನಿಂದ.

ನಿಂಬೆವ್ವ ಹೆಂಗಸರ ಬಾಗಿಲಲ್ಲಿ ಟಿಕೇಟು ಹರಿಯುವವಳು. ಗಂಡ ತೀರಿಹೋದ ಮೇಲೆ ಈ ಕೆಲಸಕ್ಕೆ ಸೇರಿದ್ದಳು. ಶುಕ್ರವಾರ ಹೊಸ ಸಿನಿಮಾ ಬಂದರೆ ಮ್ಯಾಟಿನಿಗೇ ಕತ್ತಲಲ್ಲಿ ಗೋಡೆಗೆ ಒರಗಿ ನಿಂತು ಪೂರ್ತಿ ನೋಡುವಳು. ಸಂಜೆಯ ಆಟಕ್ಕೆ ಬಂದ ನೇಕಾರ ಓಣಿಯ ಹೆಂಗಸರು ಸಾಲಿನಲ್ಲಿ ನಿಂತು, “ಯವ್ವಾ, ಹೆಂಗೈತಿ ಪಿಚ್ಚರ?” ಎಂದು ಒಬ್ಬೊಬ್ಬರಾಗಿ ಕೇಳುವರು. ಹೇಳಿ ಹೇಳಿ ಅವಳ ಗಂಟಲು ಕಟ್ಟಿತು. ಒಂದು ದಿನ ಸುಣ್ಣದ ಕಡ್ಡಿ ತಂದು ನನ್ನ ಕರಿ ಬೆನ್ನ ಮೇಲೆ ಬರೆದೇಬಿಟ್ಟಳು.

ಪೌರಾಣಿಕ ಚಿತ್ರಕ್ಕೆ ಬರೆದಳು: ‘ದೇವರಿಗೆ ಮಾತು ಭಾಳ. ರಾಕ್ಷಸ ಚಲೋ ಅದಾನ, ಪಾಪ ಅನಸ್ತಾನ.’ ದೆವ್ವದ ಚಿತ್ರಕ್ಕೆ: ‘ದೆವ್ವ ಬಂದಾಗ ನಗಿ ಬರ್ತದ. ಅತ್ತಿ ಬಂದಾಗ ಖರೇನ ಹೆದರಿಕಿ.’ ಹೊಡೆದಾಟದ ಚಿತ್ರ ಅವಳಿಗೆ ಒಗ್ಗದು ಎಂದುಕೊಂಡಿದ್ದೆ. ಆದರೆ ಒಂದಕ್ಕೆ, ‘ಹೊಡೆದು ಮುಗಿಸಿದ ಮ್ಯಾಲೆ ಅಂವ ತನ್ನ ಕೈ ನೋಡ್ಕೋತಾನ. ಅದಕ್ಕ ಎರಡು ಸಲ ನೋಡ್ರಿ’ ಎಂದಳು. ಪ್ರಶಸ್ತಿ ಬಂದಿದ್ದ ಒಂದು ಚಿತ್ರವನ್ನು ಊರಿನವರು ಎದ್ದು ಹೋಗುತ್ತ ಬಯ್ದರು. ಅವಳು ಬರೆದದ್ದು ಹೀಗೆ: ‘ಎತ್ತು ನಡಿಯೂದನ್ನ ಹತ್ತು ನಿಮಿಷ ತೋರಿಸ್ಯಾರ. ನಿದ್ದಿ ಬಂತು. ಆದ್ರ ಆ ಎತ್ತಿನ ಕಣ್ಣು ಮನಿಗೆ ಹೋದ್ರೂ ಬಿಡಲಿಲ್ಲ.’

ಹೆಂಗಸರು ನನ್ನನ್ನು ಓದಿಯೇ ಒಳಗೆ ಹೋಗುತ್ತಿದ್ದರು. ಓದು ಬಾರದವರಿಗೆ ಓದು ಬಂದವರು ಹೇಳುವರು. ಮ್ಯಾನೇಜರ್ ಶರಣಪ್ಪನವರಿಗೆ ಇದು ಸರಿಬರಲಿಲ್ಲ. ಆದರೆ ಅವಳು ಹೊಗಳಿದ ವಾರ ಹೆಂಗಸರ ಸಾಲು ಬೀದಿಗೆ ಬರುವುದನ್ನು ಕಂಡು ಸುಮ್ಮನಿದ್ದರು. ನಿಂಬೆವ್ವನಿಗೆ ಊರಲ್ಲಿ ಹೊಲವಿರಲಿಲ್ಲ, ಮಗ್ಗವಿರಲಿಲ್ಲ. ಇದ್ದದ್ದು ಈ ಒಂದು ಮಾತಿನ ಬೆಲೆ. ಅದನ್ನು ಅವಳು ಎಷ್ಟು ಜೋಪಾನ ಮಾಡುತ್ತಿದ್ದಳೆಂದರೆ, ಒಂದು ಸಾಲು ಬರೆಯಲು ಮೂರು ಸಲ ಒರೆಸುವಳು. ನನಗೆ ಕಚಗುಳಿಯಾಗುತ್ತಿತ್ತು.

ಆಮೇಲೆ ಆ ಲಾರಿ ಡ್ರೈವರನ ಸಿನಿಮಾ ಬಂತು. ಒಳ್ಳೆಯ ಸಂಸಾರದ ಕಥೆ. ಕೊನೆಯಲ್ಲಿ ಡ್ರೈವರ್ ಅಪಘಾತದಲ್ಲಿ ಸಾಯುತ್ತಾನೆ, ಚಿತೆ ಉರಿಯುತ್ತದೆ, ‘ಶುಭಂ’ ಬರುತ್ತದೆ. ಆವತ್ತು ಮ್ಯಾಟಿನಿಯಲ್ಲಿ ಶುಭಂ ಬಂತು, ಜನ ಎದ್ದರು. ಆದರೆ ಪರದೆಯ ಮೇಲೆ ಮತ್ತೆ ಬೆಳಕು ಮೂಡಿತು. ಸತ್ತ ಡ್ರೈವರ್ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಊಟಕ್ಕೆ ಕುಳಿತ. ಹೆಂಡತಿ ರೊಟ್ಟಿ ಬಡಿಸಿದಳು. ಇಬ್ಬರೂ ನಕ್ಕರು. ಅಲ್ಲಿಗೆ ಮುಗಿಯಿತು.

ನಿಂಬೆವ್ವ ಹೊರಗೆ ಬಂದವಳೇ ಸುಣ್ಣದ ಕಡ್ಡಿ ಎತ್ತಿಕೊಂಡಳು. ಒರೆಸದೆ, ಒಂದೇ ಬೀಸಿಗೆ ಬರೆದಳು: ‘ಸತ್ತಾಂವ ಶುಭಂ ಆದ ಮ್ಯಾಲೆ ಬಂದು ಉಣ್ತಾನ. ಹೋದವರು ಮನಸಿನಾಗ ಹಿಂಗ ದಿನಾ ಬಂದು ಉಣ್ತಾರ. ಇದನ್ನ ತೋರಿಸುವ ಧೈರ್ಯ ಯಾರಿಗೂ ಇದ್ದಿಲ್ಲ. ಎದ್ದು ಹೋಗಬ್ಯಾಡ್ರಿ.’

ಸಂಜೆ ಹೆಂಗಸರು ಕಿಕ್ಕಿರಿದರು. ಶುಭಂ ಬಂದ ಮೇಲೂ ಯಾರೂ ಏಳಲಿಲ್ಲ. ದೀಪ ಹತ್ತಿದವು, ಕಸ ಗುಡಿಸುವವಳು ಬಂದಳು, ಆಗಲೂ ಕುಳಿತೇ ಇದ್ದರು. ಕೊನೆಗೆ ಆಪರೇಟರ್ ಮೋದಿನಸಾಬ ಕೆಳಗಿಳಿದು ಬಂದು ತಲೆ ಕೆರೆದುಕೊಂಡ. “ಡಬ್ಬಿ ಮುಚ್ಚಳ ಅದಲ ಬದಲ ಆಗಿದ್ದೂರಿ. ಮ್ಯಾಟಿನಿಗೆ ಹದಿನಾಲ್ಕನೇ ರೀಲು ಮೊದಲ ಹಾಕಿ, ಹದಿಮೂರನೇದು ಆಮ್ಯಾಲೆ ಹಾಕಿಬಿಟ್ಟೆ. ಅಂವ ಉಣ್ಣೂದು ಸಾಯೂಕಿಂತ ಮೊದಲರೀ. ಈ ಆಟಕ್ಕ ಸರಿ ಮಾಡೇನಿ.”

ಗಂಡಸರ ಕಡೆಯಿಂದ ಎದ್ದ ನಗು ಬೀದಿಯವರೆಗೆ ಹೋಯಿತು. ಮರುದಿನ ಚಹಾದಂಗಡಿಯಲ್ಲೂ ಅದೇ ಮಾತು. “ನಿಂಬೆವ್ವಾ, ಈ ಸಲ ಚಿತಿಯಿಂದ ಯಾರು ಎದ್ದು ಬಂದ್ರು?” ಎಂದು ಹೋಗುವವರು ಬರುವವರೆಲ್ಲ ಕೇಳುವವರೇ. ಅವಳು ಒದ್ದೆ ಬಟ್ಟೆಯಿಂದ ನನ್ನ ಬೆನ್ನನ್ನು ಗಸಗಸ ತಿಕ್ಕಿ, “ಸಾಕು” ಎಂದಳು. ನಾಲ್ಕು ಶುಕ್ರವಾರ ಬಂದುಹೋದವು. ನಾನು ಬರಿಬೆನ್ನಿನಲ್ಲಿ ನಿಂತಿದ್ದೆ. ನನಗೆ ಬಹಳ ದುಃಖವಾಯಿತು.

ಐದನೆಯ ಶುಕ್ರವಾರ ಸಾಲಿನ ಮುಂದೆ ನೇಕಾರ ಓಣಿಯ ಹಂಪವ್ವ ಇದ್ದಳು. ಟಿಕೇಟನ್ನು ಮುಷ್ಟಿಯಲ್ಲಿ ಹಿಡಿದು, “ನೀ ಬರೀಲಿಲ್ಲಂದ್ರ ನಾ ಒಳಗ ಹೋಗೂದಿಲ್ಲ” ಎಂದಳು.

“ನನ್ನ ಮಾತ ಕೇಳಿ ನಗಿಪಾಟಲ ಆದ್ರಿ. ಇನ್ಯಾಕವಾ?”

“ನಗಲಿ ಬಿಡು. ನಮ್ಮ ಓಣ್ಯಾಗ ಮಗ್ಗದ ಮುಂದ ಕುಂತು ಆ ಪಿಚ್ಚರ ಕಥಿ ಎಲ್ಲಾರೂ ಹೇಳ್ತಾರ. ಒಬ್ಬಾಕೀನೂ ಚಿತಿಗೆ ಮುಗಸೂದಿಲ್ಲ. ನೀ ಬರದಂಗ ಊಟಕ್ಕ ಮುಗಸ್ತಾರ. ನನ್ನ ಗಂಡ ಹೋದಾಗಿಂದ ನನಗ ಬೇಕಾಗಿದ್ದು ಅದ ಇತ್ತು.”

ಸಾಲು ಹಿಂದಿನಿಂದ ಒತ್ತುತ್ತಿತ್ತು. ನಿಂಬೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಸುಣ್ಣದ ಕಡ್ಡಿ ಹುಡುಕಿ ಬರೆದಳು: ‘ಲಾರಿ ಪಿಚ್ಚರದಾಗ ರೀಲು ತಪ್ಪಿತ್ತು. ನಾ ತಪ್ಪಾಗಿ ನೋಡಿದೆ. ಆದ್ರ ತಪ್ಪಿದ್ದ ಚಲೋ ಇತ್ತು.’ ಅದರ ಕೆಳಗೆ: ‘ಈ ವಾರದ್ದು ನಗೀ ಪಿಚ್ಚರ. ಅರ್ಧಕ್ಕ ನಗಿ ತೀರ್ತದ.’ ಹಂಪವ್ವ ನಗುತ್ತ ಒಳಗೆ ಹೋದಳು. ಅರ್ಧಕ್ಕೇ ತೀರುವ ನಗು ನೋಡಲು ಅಷ್ಟು ಜನ ಬಂದದ್ದನ್ನು ನಾನು ಅದೊಂದೇ ಸಲ ಕಂಡದ್ದು.

ವರ್ಷಗಳು ಕಳೆದವು. ಟಾಕೀಸು ಮುಚ್ಚಿ ಮದುವೆ ಹಾಲ್ ಆಯಿತು. ಬೆಂಚುಗಳು ಒಲೆಗೆ ಹೋದವು. ನನ್ನನ್ನು ನಿಂಬೆವ್ವ ಬಗಲಲ್ಲಿ ಹಿಡಿದು ಮನೆಗೆ ತಂದಳು. ಈಗ ಅವಳ ಕಟ್ಟೆಯ ಮೇಲೆ, ತುಳಸಿ ಕುಂಡಕ್ಕೆ ಒರಗಿ ನಿಂತಿದ್ದೇನೆ. ನನ್ನ ಹಳದಿ ಮುಖ ಸುಲಿದುಹೋಗಿದೆ, ಒಂದು ಮೂಲೆಗೆ ಗೆದ್ದಲು ಹತ್ತಿದೆ. ಅವಳು ಮೊಬೈಲಿನಲ್ಲಿ ಸಿನಿಮಾ ನೋಡಿ ಈಗಲೂ ಬರೆಯುತ್ತಾಳೆ. ಮಧ್ಯಾಹ್ನ ಓಣಿಯವರು ಓದಲು ಬರುತ್ತಾರೆ.

ಕಳೆದ ವಾರ ಒಂದು ಪ್ರೇಮದ ಚಿತ್ರಕ್ಕೆ ‘ಹುಡುಗಿಗೆ ಬುದ್ಧಿ ಇಲ್ಲ, ಕಥಿಗೂ ಇಲ್ಲ’ ಎಂದು ಬರೆದಿದ್ದಳು. ಸಂಜೆಗೆ ಪಕ್ಕದ ಮನೆಯ ಸೊಸೆ ಪಾರ್ವತಿ ಬಂದು, ಅಳುಕುತ್ತಲೇ, ಸಣ್ಣ ಅಕ್ಷರದಲ್ಲಿ ಕೆಳಗೆ ಬರೆದಳು: ‘ಅಜ್ಜೀ, ಅಕೀಗೆ ಬುದ್ಧಿ ಐತಿ. ಹೇಳೂದಕ್ಕ ಧೈರ್ಯ ಇಲ್ಲ ಅಷ್ಟ.’ ಬರೆದವಳೇ ಓಡಿಹೋದಳು. ನನ್ನ ಬೆನ್ನ ಮೇಲೆ ಬೇರೆ ಕೈ ಬರೆದದ್ದು ಅದೇ ಮೊದಲು. ನಿಂಬೆವ್ವ ಏನು ಮಾಡುತ್ತಾಳೋ ಎಂದು ನಾನು ಹೆದರಿದೆ. ನಾಲ್ಕು ವಾರದ ಆ ಬರಿಬೆನ್ನು ನನಗಿನ್ನೂ ಮರೆತಿಲ್ಲ.

ಅವಳು ಕನ್ನಡಕ ಹಾಕಿ ಎರಡು ಸಲ ಓದಿದಳು. ಒಳಗೆ ಹೋಗಿ ಚಿತ್ರವನ್ನು ಮೊದಲಿನಿಂದ ನೋಡಿದಳು. ಮುಂಜಾನೆ ಹೊರಗೆ ಬಂದು, ತನ್ನ ಸಾಲನ್ನು ಒರೆಸದೆ, ಪಾರ್ವತಿಯ ಸಾಲನ್ನೂ ಒರೆಸದೆ, ಉಳಿದ ಜಾಗದಲ್ಲಿ ದೊಡ್ಡದಾಗಿ ಬರೆದಳು:

‘ಪಾರ್ವತಿ ಹೇಳಿದ್ದ ಖರೆ. ನಾ ಮತ್ತ ತಪ್ಪಿದೆ.’

ಬರೆದು ಮುಗಿಸಿ, ಹುಡುಗಿಯಂತೆ ನಕ್ಕಳು.