ಕೈಯಷ್ಟೇ ಕಾಣುವ ಫೋಟೊ

ರಾಮತೀರ್ಥ ನಗರದ ಗುರುಪುತ್ರಪ್ಪನವರ ಮನೆಯಲ್ಲಿ ಗೇಟಿನ ಸದ್ದಾದರೆ ಸಾಕು, ಯಾರೂ ಹೇಳದೆಯೇ ಪದ್ಮಶ್ರೀ ಒಳಕೋಣೆಗೆ ಹೋಗಿಬಿಡುತ್ತಿದ್ದಳು. ಆ ದಿನವೂ ಹಾಗೆಯೇ ಆಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಐಶ್ವರ್ಯಾಳಿಗೆ ಓಣಿಯ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಹಾಲ್‌ನಲ್ಲಿ ನಗು, ಬಳೆಯ ಸದ್ದು. ಕೋಣೆಯಲ್ಲಿ ಅಕ್ಕಿಯ ಚೀಲ, ಹಳೆಯ ಹಾಸಿಗೆ ಮತ್ತು ಪದ್ಮಶ್ರೀ.

ಐಶ್ವರ್ಯಾಳಿಗೆ ಅವಳು ಸೋದರತ್ತೆ. ಗಂಡ ವಿನಯ ಖಾನಾಪುರದಲ್ಲಿ ಮಾಸ್ತರನಾಗಿದ್ದ. ಆರು ವರ್ಷದ ಹಿಂದೆ ಅವನು ತೀರಿಕೊಂಡಾಗ ಅಣ್ಣ ಗುರುಪುತ್ರಪ್ಪ ತಂಗಿಯನ್ನು ತನ್ನ ಮನೆಗೆ ಕರೆತಂದ. ಇಲ್ಲಿ ಹೊಟ್ಟೆಗೆ, ಬಟ್ಟೆಗೆ ಕೊರತೆ ಇರಲಿಲ್ಲ. ಒಬ್ಬರೂ ಒರಟು ಮಾತಾಡಿದ್ದಿಲ್ಲ. ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕವೂ ಇರಲಿಲ್ಲ. ಆದರೂ ಅಲ್ಲಿಂದ ಹೊರಗೆ ಬರುವುದು ಅವಳಿಂದ ಆಗುತ್ತಿರಲಿಲ್ಲ.

ಹೆಂಗಸರು ಹೋದ ಮೇಲೆ ಅತ್ತಿಗೆ ಬಸವಣ್ಣೆವ್ವ ಟ್ರಂಕಿನಿಂದ ಹಳೆಯ ಸೀರೆ, ಧೋತರ ತೆಗೆದಿಟ್ಟಳು. ಕೂಸಿಗೆ ಕೌದಿ ಹೊಲಿಸಬೇಕು, ವಡಗಾವಿಯ ಸಾತವ್ವನಿಗೆ ಹೇಳಿಕಳಿಸಿದ್ದೇನೆ ಎಂದಳು. ಮೆತ್ತಗಾದ ಆ ಬಟ್ಟೆಗಳನ್ನು ಮುಟ್ಟಿದ ಪದ್ಮಶ್ರೀಗೆ ಸುಮ್ಮನಿರಲಾಗಲಿಲ್ಲ.

“ವೈನಿ, ನಾನ ಹೊಲೀತಿದ್ನೆಲ್ಲ.”

ಬಸವಣ್ಣೆವ್ವ ಅವಳ ಕೈ ಹಿಡಿದುಕೊಂಡಳು. “ನಿನ್ನ ಹೊಲಿಗಿ ನನಗ ಗೊತ್ತಿಲ್ಲೇನ ಪದ್ಮಾ? ಆದ್ರ ಇದು ಚೊಚ್ಚಲ ಕೂಸಿಗೆ ಹಾಸೂದು. ನಾಳಿ ಏನರ ಹೆಚ್ಚು ಕಡಿಮಿ ಆದ್ರ ಜನಾ ನಿನ್ನ ಹೆಸರ ತಗೀತಾರ. ನಿನ್ನ ಸಲುವಾಗಿನ ಹೇಳಾಕತ್ತೀನಿ.”

ಆ ಮಾತಿನಲ್ಲಿ ಕಪಟವಿರಲಿಲ್ಲ. ಪದ್ಮಶ್ರೀ ಕೈ ಬಿಡಿಸಿಕೊಂಡು ಬಟ್ಟೆಗಳನ್ನು ಮಡಚಿಟ್ಟಳು. ನಮ್ಮ ಬಸವಣ್ಣನ ದಾರಿಯಲ್ಲಿ ಸೂತಕವೆಂಬುದೇ ಇಲ್ಲ ಎಂದು ಸಭೆಗಳಲ್ಲಿ ಹೇಳುವ ಗುರುಪುತ್ರಪ್ಪ ಅಲ್ಲೇ ಕುರ್ಚಿಯಲ್ಲಿ ಕುಳಿತಿದ್ದ. ಅವನು ಪತ್ರಿಕೆಯ ಪುಟ ತಿರುವಿದ.

ಅವಳಿಗಿದ್ದ ಇನ್ನೊಂದು ಬಾಗಿಲೆಂದರೆ ಮೊಬೈಲು. ಹೋದ ವರ್ಷ ಪಂಚಮಿಗೆ ಬಂದಿದ್ದ ಐಶ್ವರ್ಯಾ ಅತ್ತೆಯನ್ನು ಫೇಸ್‌ಬುಕ್ಕಿನ ‘ಕೌದಿ ಬಳಗ’ಕ್ಕೆ ಸೇರಿಸಿದ್ದಳು. ಧಾರವಾಡ, ಗದಗ, ಸೊಲ್ಲಾಪುರದ ಹೆಂಗಸರು ಅಲ್ಲಿ ತಾವು ಹೊಲಿದದ್ದನ್ನು ಹಾಕುತ್ತಿದ್ದರು. ಯಾವ ತುಂಡಿನ ಪಕ್ಕ ಯಾವ ಬಣ್ಣ ಒಪ್ಪುತ್ತದೆ, ಮೂಲೆಯನ್ನು ಹೇಗೆ ಮಡಚಬೇಕು ಎಂದು ದಿನವಿಡೀ ಮಾತು. ಪದ್ಮಶ್ರೀ ಹಾಕಿಕೊಂಡಿದ್ದ ಫೋಟೊದಲ್ಲಿ ಸೂಜಿ ಹಿಡಿದ ಕೈಯಷ್ಟೇ ಇತ್ತು. ಆ ಕೈಯನ್ನು ಎಲ್ಲರೂ ‘ಪದ್ಮಕ್ಕ’ ಎಂದು ಕರೆದರು. ಹೊಲಿಗೆ ಸುಕ್ಕುಗಟ್ಟುತ್ತದೆ ಎಂದು ಯಾರೋ ಅತ್ತರೆ ಪದ್ಮಕ್ಕನೇ ದಾರಿ ಹೇಳಬೇಕು. ಆರು ವರ್ಷದಲ್ಲಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ; ಇಲ್ಲಿ ದಿನಕ್ಕೆ ಹತ್ತು ಮಂದಿ ಕೇಳುತ್ತಿದ್ದರು.

ಹೀಗಿರುವಾಗ ಖಾನಾಪುರದ ಶೀತಲ ಎಂಬ ಬಸುರಿ, ತನ್ನ ಕೂಸಿಗೊಂದು ಕೌದಿ ಹೊಲಿದುಕೊಡುವಿರಾ ಎಂದು ಬರೆದಳು. ಪದ್ಮಶ್ರೀ ಹಿಗ್ಗಿ ಒಪ್ಪಿಕೊಂಡಳು. ಮರುದಿನ ಇನ್ನೊಂದು ಸಾಲು ಬಂತು: ‘ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ, ನಮ್ಮ ಅತ್ತಿ ಕೇಳಾಕತ್ತಾರ, ನೀವು ಮುತ್ತೈದೇರ ಹೌದಲ್ರಿ?’

ಅವಳು ಆ ಸಾಲನ್ನು ಎಷ್ಟೋ ಹೊತ್ತು ನೋಡಿದಳು. ಹಾಲ್‌ನಿಂದ ಓಡಿಬಂದು ಇಲ್ಲಿ ಕುಳಿತರೆ ಅದೇ ಪ್ರಶ್ನೆ ಇಲ್ಲಿಗೂ ಬಂದು ಎದುರಿಗೆ ನಿಂತಿತ್ತು. ಕೊನೆಗೆ ‘ಹೌದ್ರಿ’ ಎಂದು ಬರೆದಳು. ಎರಡೇ ಅಕ್ಷರ.

ಮೂರು ವಾರ ಕದ್ದು ಹೊಲಿದಳು. ಯಾರಾದರೂ ಬಂದರೆ ಹಾಸಿಗೆಯ ಕೆಳಗೆ ತುರುಕುತ್ತಿದ್ದಳು. ಮಚ್ಛೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಶೀತಲಳ ಗಂಡ ಕಲ್ಮೇಶ ಒಂದು ದಿನ ಓಣಿಯ ತಿರುವಿಗೆ ಬಂದು ನಿಂತ. ಪದ್ಮಶ್ರೀ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಕೌದಿಯ ಗಂಟು ಕೊಟ್ಟು, ಮಾತಾಡದೆ ತಿರುಗಿಬಂದಳು. ಹೆಣ್ಣು ಕೂಸು ಹುಟ್ಟಿ ಕೌದಿಯ ಫೋಟೊ ಬಳಗಕ್ಕೆ ಬಂದದ್ದೇ ತಡ, ಮತ್ತೆ ನಾಲ್ಕು ಮಂದಿ ಬಸುರಿಯರು ಕೇಳಿದರು. ‘ಮುತ್ತೈದೆ ಕೈಲೆ ಹೊಲಿದದ್ದು’ ಎಂದು ಶೀತಲ ಕೆಳಗೆ ಬರೆದಿದ್ದಳು. ಆಮೇಲೆ ಮೊಬೈಲು ಟಿಣ್ ಅಂದರೆ ಪದ್ಮಶ್ರೀ ಅದನ್ನು ಬೋರಲು ಹಾಕಿಬಿಡುತ್ತಿದ್ದಳು. ಮನೆಯಲ್ಲಿ ವಿಧವೆಯೆಂದು ಕೋಣೆ, ಬಳಗದಲ್ಲಿ ಮುತ್ತೈದೆಯೆಂದು ಸುಳ್ಳು. ಎರಡರಲ್ಲಿ ಯಾವುದರಿಂದಲೂ ಹೊರಬೀಳುವ ದಾರಿ ಕಾಣಲಿಲ್ಲ.

ಹತ್ತು ದಿನ ಕಳೆದಿರಲಿಲ್ಲ, ಶೀತಲಳ ಸುದ್ದಿ ಬಂತು: ಕೂಸಿಗೆ ಕಾಮಣಿ, ಮೈಯೆಲ್ಲ ಹಳದಿಯಾಗಿದೆ, ದವಾಖಾನೆಗೆ ಸೇರಿಸಿದ್ದಾರೆ, ಎಲ್ಲರೂ ಬೇಡಿಕೊಳ್ಳಿರಿ.

ಪದ್ಮಶ್ರೀ ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟಳು. ಇಷ್ಟು ದಿನ ಜನರ ಮೂಢತನವೆಂದು ಒಳಗೊಳಗೇ ಬೈದುಕೊಂಡಿದ್ದ ಮಾತು ಈಗ ಅವಳದೇ ಎದೆಯೊಳಗೆ ಎದ್ದು ಕುಳಿತಿತ್ತು. ನನ್ನ ಕೈಯಿಂದಲೇ ಆಯಿತೇ? ಅವಳು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ವೈನಿಗಿಂತ ಹೆಚ್ಚಾಗಿ ತಾನೇ ಅದನ್ನು ನಂಬಿದ್ದೇನೆ ಎಂದು ತಿಳಿದಾಗ ಅವಳಿಗೆ ನಿಜವಾಗಿ ಭಯವಾಯಿತು.

ಕೂಸು ಮನೆಗೆ ಬಂತೆಂದು ತಿಳಿದ ಮರುದಿನ ಬೆಳಿಗ್ಗೆ, ಖಾನಾಪುರಕ್ಕೆ ಹೋಗಿಬರುತ್ತೇನೆ ಎಂದಷ್ಟೇ ಹೇಳಿ ಬಸ್ಸು ಹತ್ತಿದಳು. ತೊಟ್ಟಿಲಿಗೆ ಬರ್ರಿ ಎಂದು ಶೀತಲ ಹಿಂದೆಯೇ ವಿಳಾಸ ಕಳಿಸಿದ್ದಳು. ವಿನಯನ ಜೊತೆ ಓಡಾಡಿದ ಊರಿಗೆ ಆರು ವರ್ಷದ ಮೇಲೆ ಹೋಗುತ್ತಿದ್ದಳು. ಆದರೆ ಕಿಟಕಿಯಿಂದ ಏನನ್ನೂ ನೋಡಲಿಲ್ಲ.

ಮನೆಯ ಕಟ್ಟೆಯ ಮೇಲೆ ಶೀತಲಳ ಅತ್ತೆ ಸಾವಂತ್ರವ್ವ ಕೂಸನ್ನು ಎಳೆಬಿಸಿಲಿಗೆ ಹಿಡಿದು ಕುಳಿತಿದ್ದಳು. ಕೂಸಿನ ಕೆಳಗೆ ಅದೇ ಕೌದಿ. “ಬರ್ರಿ, ಕುಂದರ್ರಿ, ಯಾರ ಬೇಕಾಗಿತ್ತು?” ಎಂದಳು.

“ಈ ಕೌದಿ ಹೊಲಿದಾಕಿ ನಾನ ರೀ.”

ಸಾವಂತ್ರವ್ವನ ಕಣ್ಣು ಅವಳ ಹಣೆಯ ಮೇಲಿನ ವಿಭೂತಿಯಿಂದ ಬರಿಗೊರಳಿಗೆ, ಅಲ್ಲಿಂದ ಬರಿಗೈಗೆ ಇಳಿಯಿತು. ಕೂಸನ್ನು ಎತ್ತಿ ಎದೆಗವಚಿಕೊಂಡಳು. ಕೌದಿ ಕಟ್ಟೆಯ ಮೇಲೆ ಉಳಿಯಿತು. ಒಳಗಿನಿಂದ ಬಂದ ಶೀತಲ ಬಾಗಿಲಲ್ಲೇ ನಿಂತಳು.

“ಸುಳ್ಳ ಯಾಕ ಹೇಳಿದ್ರಿ?” ಸಾವಂತ್ರವ್ವ ಕೇಳಿದಳು.

“ಖರೇ ಹೇಳಿದ್ರ ತಗೋತಿದ್ರೇನ್ರಿ?”

“ಇಲ್ಲ.”

“ಅದಕ್ಕ ಹೇಳಿದ್ನಿ. ಆದ್ರ ಕೂಸಿಗೆ ಹಿಂಗಾಗಿದ್ದು ಕೇಳಿದಾಗಿಂದ ನಾ ಸೂಜಿ ಮುಟ್ಟಿಲ್ಲ. ಕೊಟ್ಟಬಿಡ್ರಿ, ಒಯ್ತೀನಿ.”

ಕೂಸು ಅಳತೊಡಗಿತು. ಸಾವಂತ್ರವ್ವ ಅದರ ಬೆನ್ನು ತಟ್ಟತೊಡಗಿದಳು. ತಟ್ಟುತ್ತಲೇ ಅವಳು ಆಡಿದ ಮಾತು ಸೊಸೆಗೋ, ಬಂದವಳಿಗೋ, ತನಗೇ ಹೇಳಿಕೊಂಡದ್ದೋ ತಿಳಿಯುವಂತಿರಲಿಲ್ಲ.

“ನನ್ನ ಮೊದಲಿನ ಎರಡು ಕೂಸಿಗೆ ನಮ್ಮ ಅತ್ತಿ ಕೌದಿ ಹೊಲಿದಿದ್ಲು. ಕೈತುಂಬ ಹಸಿರು ಬಳಿ, ಹಣಿತುಂಬ ಕುಂಕುಮ ಆಕಿಗೆ. ಎರಡೂ ಉಳೀಲಿಲ್ಲ. ಆಗ ಆಕಿ ಕೈಗೆ ಯಾರೂ ಏನೂ ಅನ್ನಲಿಲ್ಲ. ನನಗ ಅಂದ್ರು.”

ಶೀತಲ ಈ ಮಾತನ್ನು ಎಂದೂ ಕೇಳಿರಲಿಲ್ಲ ಎಂಬುದು ಅವಳ ಮುಖದಿಂದಲೇ ಗೊತ್ತಾಗುತ್ತಿತ್ತು. ಆಗತಾನೇ ಹುಟ್ಟಿದ ಕೂಸುಗಳಿಗೆ ಕಾಮಣಿ ಆಗುವುದು ಸಾಮಾನ್ಯ ಎಂದು ಡಾಕ್ಟರು ಹೇಳಿದ್ದಾರೆ, ಅಂಥ ಪ್ರಶ್ನೆಯನ್ನು ನಾನು ಬರೆಯಲೇಬಾರದಿತ್ತು ಎಂದು ಅವಳು ತಡವರಿಸಿದಳು. ಸಾವಂತ್ರವ್ವ ಬಗ್ಗಿ ಕೌದಿಯನ್ನು ಒಂದೇ ಕೈಯಿಂದ ಸರಿಮಾಡಿ ಕೂಸನ್ನು ಮತ್ತೆ ಮಲಗಿಸಿದಳು.

“ಕೊಡೂದಿಲ್ಲ. ಇದರ ಮ್ಯಾಲ ಅಷ್ಟ ಛಲೋ ಮಲಗ್ತೈತಿ. ಸುಳ್ಳ ಹೇಳಿದ್ದಕ್ಕ ಸಿಟ್ಟ ಐತಿ, ಅದು ಇರಲಿ. ಚಾ ಕುಡದ ಹೋಗ್ರಿ.”

ಮನೆಗೆ ಬಂದವಳೇ ಪದ್ಮಶ್ರೀ ಬಳಗದಲ್ಲಿ ತನ್ನ ಮುಖದ ಫೋಟೊ ಹಾಕಿದಳು. ‘ನಾನು ಮುತ್ತೈದೆ ಅಲ್ಲ. ಶೀತಲಗೆ ಸುಳ್ಳು ಹೇಳಿದ್ದೆ, ತಪ್ಪಾಯಿತು. ಇನ್ನು ಮುಂದೆಯೂ ಕೂಸುಗಳಿಗೆ ಕೌದಿ ಹೊಲಿಯುತ್ತೇನೆ. ಬೇಕಾದವರು ಹೇಳಿರಿ’ ಎಂದು ಬರೆದಳು. ಸಂಜೆಯೊಳಗೆ, ಕೌದಿ ಕೇಳಿದ್ದ ನಾಲ್ವರಲ್ಲಿ ಮೂವರು ಬೇಡವೆಂದರು. ಮೋಸಗಾತಿ ಎಂದು ಒಬ್ಬಳು ಬರೆದಳು. ಗದಗಿನ ಪೂರ್ಣಿಮಾ ಎಂಬುವಳು, ನಾನೂ ಕೈಯ ಫೋಟೊ ಹಾಕಿಕೊಂಡವಳೇ ಅಕ್ಕ, ಎಂದಷ್ಟೇ ಬರೆದಿದ್ದಳು.

ಮೊಬೈಲು ಹಿಡಿದುಕೊಂಡೇ ಐಶ್ವರ್ಯಾ ಕೋಣೆಗೆ ಬಂದಳು. ತನ್ನದೊಂದು ಹಳೆಯ ಇಳಕಲ್ ಸೀರೆಯನ್ನು ಅತ್ತೆಯ ತೊಡೆಯ ಮೇಲಿಟ್ಟು ಮೆಲ್ಲಗೆ ಅಂದಳು, “ಅತ್ತಿ, ನನ್ನ ಕೂಸಿಗೆ ನೀ ಹೊಲಿ. ಅವ್ವಗ ಹೇಳೂದು ಬ್ಯಾಡ. ಇಲ್ಲೇ ಬಾಗಲಾ ಹಾಕ್ಕೊಂಡ ಹೊಲಿ.”

ಪದ್ಮಶ್ರೀ ಸೀರೆಯ ಮೇಲೆ ಕೈಯಾಡಿಸಿದಳು. “ಹೊಲೀತೀನವಾ. ಆದ್ರ ಬಾಗಲಾ ಹಾಕ್ಕೊಂಡ ಅಲ್ಲ.”

ಅಷ್ಟರಲ್ಲಿ ಗೇಟು ಸದ್ದಾಯಿತು. ಓಣಿಯ ಇಬ್ಬರು ಹೆಂಗಸರು ಬರುತ್ತಿದ್ದರು. ಅವಳು ಸೀರೆ, ಕತ್ತರಿ, ದಾರ ಎತ್ತಿಕೊಂಡು ಹಾಲ್‌ಗೆ ನಡೆದು, ನಡುವೆ ಚಾಪೆ ಹಾಸಿ ಕುಳಿತಳು. ಬಂದವರು ಬಾಗಿಲಲ್ಲೇ ನಿಂತು ಬಸವಣ್ಣೆವ್ವನ ಮುಖ ನೋಡಿದರು. ಬಸವಣ್ಣೆವ್ವ ನಾದಿನಿಯನ್ನು ನೋಡಿದಳು, ಪಕ್ಕದಲ್ಲಿ ಕಷ್ಟಪಟ್ಟು ಕೂರುತ್ತಿದ್ದ ತುಂಬು ಬಸುರಿ ಮಗಳನ್ನು ನೋಡಿದಳು. ಕುರ್ಚಿಯಲ್ಲಿದ್ದ ಗುರುಪುತ್ರಪ್ಪ ಪತ್ರಿಕೆ ಮಡಚಿಟ್ಟು ಎದ್ದು, ತಂಗಿ ಕುಳಿತಲ್ಲಿ ಕತ್ತಲಿದೆಯೆಂದು ಕಿಟಕಿಯ ಪರದೆ ಸರಿಸಿದ.

“ಬರ್ರಿ, ಒಳಗ ಬರ್ರಿ,” ಎಂದಳು ಬಸವಣ್ಣೆವ್ವ, ಗಂಡನತ್ತ ಒಮ್ಮೆ ನೋಡಿ. “ನಮ್ಮ ಪದ್ಮಾ ಕೂಸಿಗೆ ಕೌದಿ ಹೊಲಿಯಾಕತ್ತಾಳ.”